ನೆರಳಿನ ಅಂಗಳಕ್ಕೆ ಬಾಳಿಕೆಯ ಗಿಡಗಳು



ಹೂದೋಟದ ವಿಚಾರವಾಗಿ ಜನ ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಬಿಸಿಲಿನ ಪ್ರಶ್ನೆಯೇ ಹೆಚ್ಚು. "ಪಕ್ಕದ ನಿವೇಶನದಲ್ಲಿ ಮೂರಂತಸ್ತು ಎದ್ದಿತು, ಅಂದಿನಿಂದ ನಮ್ಮ ಗುಲಾಬಿ ಮೊಗ್ಗು ಬಿಟ್ಟಿಲ್ಲ" ಎನ್ನುವವರಿದ್ದಾರೆ. "ತಂದೆಯವರು ನೆಟ್ಟ ಮಾವಿನ ಮರ ಅಂಗಳವನ್ನೆಲ್ಲ ಮುಚ್ಚಿಕೊಂಡಿದೆ, ಅಡಿಯಲ್ಲಿ ಹುಲ್ಲುಕಡ್ಡಿಯೂ ಏಳುವುದಿಲ್ಲ, ಮರ ತೆಗೆಸಿಬಿಡೋಣವೇ?" ಎಂದು ಕೇಳುವವರೂ ಇದ್ದಾರೆ. ಸಾಮಾನ್ಯವಾಗಿ ಇವರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಗರಗಸ ತರಿಸುತ್ತಾರೆ; ಇಲ್ಲವೇ "ಹೇಗೂ ಏನೂ ಬೆಳೆಯುವುದಿಲ್ಲ" ಎಂದು ಅಂಗಳಕ್ಕೆ ಸಿಮೆಂಟು ಹಾಸಿಬಿಡುತ್ತಾರೆ. ನಲವತ್ತು ವರ್ಷದ ಮರ ಒಂದು ಬೆಳಗಿನಲ್ಲಿ ಉರುಳುತ್ತದೆ. ಸಿಮೆಂಟು ಬಿದ್ದ ನೆಲಕ್ಕೆ ಮತ್ತೆ ಮಳೆನೀರು ಇಂಗುವುದಿಲ್ಲ. ಇವೆರಡನ್ನೂ ಮಾಡುವ ಮುಂಚೆ ಒಂದು ಮಾತು ಕೇಳಿ ಎನ್ನುವುದಕ್ಕಾಗಿಯೇ ಈ ಭಾಷಣ. ಅಂಗಳದಲ್ಲಿ ತಪ್ಪೇನೂ ಇಲ್ಲ. ಅಲ್ಲಿಗೆ ಆರಿಸಿದ ಗಿಡಗಳು ಬೇರೆ ಜಾಗದವು, ಅಷ್ಟೆ.

ಗುಲಾಬಿ, ಚೆಂಡುಹೂ, ಸೇವಂತಿಗೆ, ದುಂಡುಮಲ್ಲಿಗೆ, ಇವೆಲ್ಲ ಬಯಲಿನ ಗಿಡಗಳು. ಇವುಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳಲೇಬೇಕು. ಎಷ್ಟೇ ಗೊಬ್ಬರ ಸುರಿದರೂ ಬಿಸಿಲಿನ ಕೊರತೆಯನ್ನು ಗೊಬ್ಬರ ತುಂಬಿಕೊಡುವುದಿಲ್ಲ. ಬದಲಿಗೆ ಗಿಡ ಉದ್ದುದ್ದ ಸೊರಗಿ ಬೆಳೆದು ಹೇನು, ಬೂದಿರೋಗಗಳಿಗೆ ತುತ್ತಾಗುತ್ತದೆ. ಆದರೆ ಕಾಡಿನಲ್ಲಿ ಮರದಡಿಯ ನೆಲ ಬರಿದಾಗಿರುವುದನ್ನು ನೀವು ನೋಡಿದ್ದೀರಾ? ಜರಿಗಿಡ, ಕಾಡುಶುಂಠಿ, ಕೆಸು, ಬಳ್ಳಿಗಳು ಎಲ್ಲವೂ ಅಲ್ಲಿ ಪದರ ಪದರವಾಗಿ ಬಾಳುತ್ತಿರುತ್ತವೆ. ನಮ್ಮ ಮಲೆನಾಡಿನ ಅಡಿಕೆ ತೋಟವಾದರೂ ಇನ್ನೇನು? ಮೇಲೆ ಅಡಿಕೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಅದರ ನೆರಳಲ್ಲಿ ಏಲಕ್ಕಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತಲೆಮಾರುಗಳಿಂದ ಮರದ ನೆರಳಿನಲ್ಲೇ ಬೆಳೆದು ಬಂದಿದೆ. ನೆರಳಿನಲ್ಲಿ ಬೇಸಾಯ ಮಾಡುವುದು ಈ ನಾಡಿನವರಿಗೆ ಹೊಸತಲ್ಲ. ಪಟ್ಟಣದ ಅಂಗಳಕ್ಕೆ ಬಂದಾಗ ಮಾತ್ರ ಅದನ್ನು ಮರೆತು, ಹೂಕುಂಡದ ಚಿತ್ರಪಟ ನೋಡಿ ಗಿಡ ಕೊಳ್ಳುತ್ತೇವೆ.

ಗಿಡ ಕೊಳ್ಳುವ ಮೊದಲು ನಿಮ್ಮ ನೆರಳು ಯಾವ ಬಗೆಯದು ಎಂದು ತಿಳಿಯಬೇಕು. ನೆರಳು ಎಲ್ಲವೂ ಒಂದೇ ಅಲ್ಲ. ಒಂದು ರಜಾದಿನ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ, ಎರಡೆರಡು ಗಂಟೆಗೊಮ್ಮೆ ಅಂಗಳಕ್ಕೆ ಹೋಗಿ ಬಿಸಿಲು ಎಲ್ಲಿ ಬಿದ್ದಿದೆ ಎಂದು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಬಿಳಿ ಕಾಗದವಿಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಮೂಡಿದರೆ ಅಲ್ಲಿ ಬೆಳಕು ಸಾಕಷ್ಟಿದೆ. ಮಸುಕಾದ ಕೈಯಾಕಾರ ಮಾತ್ರ ಕಂಡರೆ ಮಧ್ಯಮ ನೆರಳು. ಏನೂ ಕಾಣದಿದ್ದರೆ ಗಾಢ ನೆರಳು. ಇದಕ್ಕೆ ಯಾವ ಯಂತ್ರವೂ ಬೇಡ.

ಹೊತ್ತು ಕೂಡ ಮುಖ್ಯ. ಪೂರ್ವದಿಂದ ಬರುವ ಬೆಳಗಿನ ಬಿಸಿಲು ಮೃದು. ನೆರಳಿನ ಗಿಡಗಳೂ ಮೂರು ಗಂಟೆ ಕಾಲ ಅದನ್ನು ಸಂತೋಷವಾಗಿ ತೆಗೆದುಕೊಳ್ಳುತ್ತವೆ. ಪಡುವಣ ಗೋಡೆಗೆ ಮಾರ್ಚ್, ಏಪ್ರಿಲ್‌ನಲ್ಲಿ ಬೀಳುವ ಇಳಿಹೊತ್ತಿನ ಬಿಸಿಲು ಹಾಗಲ್ಲ. ಒಂದೇ ಗಂಟೆ ಬಿದ್ದರೂ ಜರಿಗಿಡದ ಅಂಚು ಕಂದಿ ಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಮನೆಯ ಉತ್ತರ ದಿಕ್ಕಿಗೆ ಸದಾ ನೆರಳು ಎಂದು ನಾವು ಹೇಳುತ್ತೇವೆ. ಬೆಂಗಳೂರು, ಮಂಗಳೂರುಗಳಲ್ಲಿ ಅದು ಪೂರ್ಣ ನಿಜವಲ್ಲ. ಇಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಎರಡು ದಿನಗಳ ನಡುವಿನ ಅಷ್ಟೂ ಕಾಲ ಅವನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ಇಪ್ಪತ್ತು ಅಡಿ ಎತ್ತರದ ಮನೆಯೊಂದು ಡಿಸೆಂಬರ್ ಕೊನೆಯ ಮಧ್ಯಾಹ್ನ ಉತ್ತರಕ್ಕೆ ಸುಮಾರು ಹದಿನೈದು ಅಡಿ ನೆರಳು ಚೆಲ್ಲುತ್ತದೆ. ಅದೇ ಮನೆ ಜೂನ್ ಕೊನೆಯ ಮಧ್ಯಾಹ್ನ ದಕ್ಷಿಣಕ್ಕೆ ನಾಲ್ಕು ಅಡಿಗೂ ಕಡಿಮೆ ನೆರಳು ಕೊಡುತ್ತದೆ, ಉತ್ತರಕ್ಕೆ ಏನೂ ಇಲ್ಲ. ಚಳಿಗಾಲದಲ್ಲಿ ನೋಡಿ "ಇದು ತಂಪು ಜಾಗ" ಎಂದು ಉತ್ತರದ ಗೋಡೆಗೆ ನೆಟ್ಟ ಕ್ಯಾಲಾಥಿಯಾ ಮೇ ತಿಂಗಳಲ್ಲಿ ಸುಟ್ಟುಹೋಗುವುದು ಇದರಿಂದಲೇ. ಬೀದರಿನ ಕಡೆಯವರಿಗೆ ಈ ಅವಧಿ ಇನ್ನೂ ಚಿಕ್ಕದು. ಅಲ್ಲಿ ಸೂರ್ಯ ಉತ್ತರಕ್ಕೆ ಸರಿಯುವುದು ಮೇ ನಡುಭಾಗದಲ್ಲಿ, ಹಿಂತಿರುಗುವುದು ಆಗಸ್ಟ್ ಆರಂಭದಲ್ಲಿ. ಆದ್ದರಿಂದ ನಿಮ್ಮ ಅಂಗಳವನ್ನು ಡಿಸೆಂಬರಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ನೋಡಿಯೇ ತೀರ್ಮಾನಿಸುವುದು ಲೇಸು.

ಬೆಳಕಿನ ಲೆಕ್ಕ ಆಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ನೀರಿನ ಲೆಕ್ಕ. ಕಟ್ಟಡದ ನೆರಳು, ಮರದ ನೆರಳು ಇವೆರಡೂ ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಬೇರಿಗೆ ಬೇರೆ ಬೇರೆ. ಗೋಡೆಯ ಬದಿಯ ನೆಲ ಬೇಗ ಒಣಗುವುದಿಲ್ಲ, ತೇವ ನಿಲ್ಲುತ್ತದೆ. ಮರದಡಿಯ ನೆಲ ಒಣನೆಲ. ಸಣ್ಣ ಮಳೆಯನ್ನು ಮೇಲಿನ ಎಲೆಗಳೇ ತಡೆದುಬಿಡುತ್ತವೆ. ನೆಲಕ್ಕೆ ಬಿದ್ದಷ್ಟನ್ನು ಮರದ ಬೇರುಗಳು ಹೀರಿಕೊಳ್ಳುತ್ತವೆ. ಮಾವಿನಡಿ ನೆಟ್ಟ ಗಿಡ ಸತ್ತಾಗ ನಾವು "ಬಿಸಿಲಿಲ್ಲದೆ ಸತ್ತಿತು" ಎನ್ನುತ್ತೇವೆ. ಅನೇಕ ವೇಳೆ ಅದು ಸತ್ತಿರುವುದು ಬಾಯಾರಿಕೆಯಿಂದ.

ಮರವನ್ನು ಕಡಿಯದೆ ಬೆಳಕು ತರುವುದು ಹೇಗೆ ಎಂಬುದನ್ನು ಕಾಫಿ ತೋಟದವರಿಂದ ಕಲಿಯಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ಅವರು ಮರಗಸಿ ಮಾಡಿಸುತ್ತಾರೆ. ಕೆಳಗಿನ ಕೊಂಬೆಗಳನ್ನೂ ಒತ್ತಾಗಿರುವ ರೆಂಬೆಗಳನ್ನೂ ಸವರಿ, ಮೇಲಿನ ಚಪ್ಪರವನ್ನು ಹಾಗೆಯೇ ಬಿಡುತ್ತಾರೆ. ಮೋಡದ ತಿಂಗಳುಗಳಲ್ಲಿ ಒಳಗೆ ಬೆಳಕೂ ಗಾಳಿಯೂ ಆಡುತ್ತವೆ, ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರಿ ನೆರಳು ಕೂಡುತ್ತದೆ. ನಿಮ್ಮ ಹೊಂಗೆ ಅಥವಾ ಮಾವಿನ ಮರದ ಕೆಳಗೊಂಬೆಗಳನ್ನು ಎಂಟು ಹತ್ತು ಅಡಿಯವರೆಗೆ ಎತ್ತರಿಸಿದರೆ ಸಾಕು, ಬೆಳಗಿನ ಓರೆ ಬಿಸಿಲು ಬುಡದವರೆಗೆ ಬರುತ್ತದೆ. ಬಲ್ಲವರಿಂದಲೇ ಮಾಡಿಸಿ, ವಿದ್ಯುತ್ ತಂತಿ ಹತ್ತಿರವಿದ್ದರೆ ನೀವು ಏಣಿ ಹತ್ತುವ ಸಾಹಸ ಬೇಡ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಸ್ವಂತ ಅಂಗಳದ ಮರವಾದರೂ ಅನೇಕ ಜಾತಿಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ದೊಡ್ಡ ಕೊಂಬೆ ತೆಗೆಸುವ ಮುನ್ನವೂ ಅಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಟ್ಟಡದ ನೆರಳಿದ್ದವರು ಎದುರು ಗೋಡೆಗೆ ಬಿಳಿ ಸುಣ್ಣ ಬಳಿದು ನೋಡಿ. ಕತ್ತಲ ಓಣಿಯೂ ಎಷ್ಟೋ ಬೆಳಗುತ್ತದೆ.

ಈಗ ಗಿಡಗಳ ಆಯ್ಕೆಗೆ ಬರೋಣ. ನಾನು ಹೇಳುವುದೆಲ್ಲ ಬಹುವಾರ್ಷಿಕ ಗಿಡಗಳು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವಂಥವು. ನೆರಳಿನಲ್ಲಿ ಋತುವಿಗೊಮ್ಮೆ ಕಿತ್ತು ನೆಡುವ ಕೆಲಸ ದಂಡ, ಏಕೆಂದರೆ ಇಲ್ಲಿ ಬೇರು ಬಿಡುವುದೇ ನಿಧಾನ.

ಮರದಡಿಯ ಒಣ ನೆರಳಿಗೆ ನನ್ನ ಮೊದಲ ಆಯ್ಕೆ ಆಸ್ಪಿಡಿಸ್ಟ್ರಾ. ಅಗಲವಾದ ಕಡುಹಸಿರು ಎಲೆಗಳು ನೆಲದಿಂದಲೇ ಒಂದೊಂದಾಗಿ ಏಳುತ್ತವೆ. ಇಂಗ್ಲಿಷಿನವರು ಇದನ್ನು ಎರಕದ ಕಬ್ಬಿಣದ ಗಿಡ ಎಂದು ಕರೆದದ್ದು ಸುಮ್ಮನೆ ಅಲ್ಲ. ಕತ್ತಲು, ಧೂಳು, ನೀರು ಮರೆತ ಯಜಮಾನ, ಎಲ್ಲವನ್ನೂ ತಾಳಿಕೊಳ್ಳುತ್ತದೆ. ಬೆಳೆಯುವುದು ಮಾತ್ರ ಬಹಳ ನಿಧಾನ, ಅದಕ್ಕೇ ನರ್ಸರಿಯಲ್ಲಿ ಬೆಲೆಯೂ ಹೆಚ್ಚು. ಅವಸರದವರು ಕತ್ತಿಯಂಥ ಎಲೆಯ ಸಾನ್ಸಿವೇರಿಯಾ ನೆಡಬಹುದು. ರಾಯಚೂರು, ಕಲಬುರಗಿಗಳ ಒಣಹವೆಗೆ ಇದೇ ಹೆಚ್ಚು ಭರವಸೆಯದು. ಅಲ್ಲಿ ನೆರಳಿದ್ದರೂ ಬಿಸಿಗಾಳಿ ತಪ್ಪುವುದಿಲ್ಲವಾದ್ದರಿಂದ ಜರಿಗಿಡದ ಆಸೆ ಬಿಡುವುದೇ ಮೇಲು. ಪಟ್ಟೆ ಎಲೆಯ ಕ್ಲೋರೋಫೈಟಂ ಅನ್ನು ಹಾದಿಯ ಅಂಚಿಗೆ ಸಾಲಾಗಿ ನೆಟ್ಟರೆ ಅದೇ ಮರಿ ಹಾಕುತ್ತ ಹೋಗುತ್ತದೆ.

ಒಣ ನೆರಳಿಗೆ ಹೂವೂ ಬೇಕೆಂದರೆ ಫುಟ್‌ಬಾಲ್ ಲಿಲ್ಲಿಯನ್ನು ಮರೆಯಬೇಡಿ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ಮೊದಲ ಮಳೆ ಹನಿದೊಡನೆ ಬರಿನೆಲದಿಂದ ಕೆಂಪು ಚೆಂಡು ಮೇಲೆದ್ದು ನಿಲ್ಲುತ್ತದೆ. ಮಳೆಗಾಲವೆಲ್ಲ ಎಲೆ, ಚಳಿಗಾಲದಲ್ಲಿ ಗೆಡ್ಡೆಗೆ ನಿದ್ದೆ. ಆಗ ಎಲೆ ಹಳದಿಯಾದದ್ದನ್ನು ನೋಡಿ "ಸತ್ತಿತು" ಎಂದು ಕಿತ್ತೆಸೆಯುವವರುಂಟು. ಇನ್ನು ಕೆಲವರು ಪ್ರೀತಿಯಿಂದ ದಿನವೂ ನೀರೆರೆದು ಗೆಡ್ಡೆ ಕೊಳೆಸುತ್ತಾರೆ. ಅದನ್ನು ಅದರ ಪಾಡಿಗೆ ಬಿಡಬೇಕು. ಮಲಗಿರುವ ಜಾಗಕ್ಕೆ ಒಂದು ಕಡ್ಡಿ ಊರಿ ಗುರುತಿಟ್ಟರೆ ಸಾಕು.

ತೇವ ನಿಲ್ಲುವ ನೆರಳು ಇದ್ದವರು ಭಾಗ್ಯವಂತರು. ಅವರ ಆಯ್ಕೆ ದೊಡ್ಡದು. ನೆಫ್ರೋಲೆಪಿಸ್ ಎಂಬ ಸಾಮಾನ್ಯ ಜರಿಗಿಡ ಎಲ್ಲರ ಕೈಯಲ್ಲೂ ಬದುಕುತ್ತದೆ. ಬಿಳಿ ಹೂಗೊನೆಯ ಪೀಸ್ ಲಿಲ್ಲಿ, ಅದಕ್ಕಿಂತಲೂ ಚೆಲುವಾದ ಯೂಕ್ಯಾರಿಸ್ ಲಿಲ್ಲಿ ಇವೆರಡೂ ನೇರ ಬಿಸಿಲಿಲ್ಲದೆ ಹೂಬಿಡುತ್ತವೆ. ಯೂಕ್ಯಾರಿಸ್‌ಗೆ ಇಕ್ಕಟ್ಟು ಇಷ್ಟ. ಗೆಡ್ಡೆಗಳು ಒಂದಕ್ಕೊಂದು ಒತ್ತಿಕೊಂಡಿದ್ದಾಗಲೇ ಚೆನ್ನಾಗಿ ಹೂಬಿಡುವುದು. ಬೆಳಗಿನ ಬಿಸಿಲು ಒಂದೆರಡು ಗಂಟೆ ಸಿಗುವ ತೇವದ ಮೂಲೆಯಿದ್ದರೆ ಸುರುಳಿ ಸುಗಂಧಿ ನೆಡಿ. ಶುಂಠಿಯ ಬಂಧುವಾದ ಈ ಗಿಡ ಆಳೆತ್ತರ ಬೆಳೆದು, ಮಳೆಗಾಲದಲ್ಲಿ ಬಿಳಿ ಚಿಟ್ಟೆಗಳಂಥ ಹೂ ಬಿಡುತ್ತದೆ. ಸಂಜೆ ಬಾಗಿಲು ತೆರೆದರೆ ಪರಿಮಳ ನಡುಮನೆಯವರೆಗೆ ಬರುತ್ತದೆ. ನೆರಳಿನಂಗಳದಲ್ಲಿ ಒಂದೇ ಹೂಗಿಡಕ್ಕೆ ಜಾಗವಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಹೂವಿನ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಗಾಢ ನೆರಳಿನಲ್ಲಿ ವರ್ಷವಿಡೀ ಹೂವು ಸಿಗುವುದಿಲ್ಲ. ಅಂಥ ಭರವಸೆ ಕೊಡುವವರನ್ನು ನಂಬಬೇಡಿ. ಅಲ್ಲಿ ಎಲೆಯ ಬಣ್ಣ, ಆಕಾರಗಳಿಂದಲೇ ಸೊಗಸು ತರಬೇಕು. ಮೂರು ನಾಲ್ಕು ಗಂಟೆ ಬೆಳಕು ಬೀಳುವ ಅರೆನೆರಳಾದರೆ ಕನಕಾಂಬರ ಖಂಡಿತ ಬರುತ್ತದೆ. ಡೆಲ್ಲಿ ಕನಕಾಂಬರ ಎಂದು ಕರೆಯುವ ಬಗೆಯಲ್ಲಿ ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಸಸಿ ಮಾಡಿಕೊಳ್ಳಬೇಕು. ದೇವರ ಮುಡಿಗೂ ಹೆಣ್ಣುಮಕ್ಕಳ ಜಡೆಗೂ ಒದಗುವ ಹೂವು ನೆರಳಿನ ಮನೆಯಲ್ಲೂ ಸಿಕ್ಕರೆ ಬೇಡವೆನ್ನುವವರು ಯಾರು?

ಹಾಗೆಯೇ ತುಳಸಿಯ ಪ್ರಶ್ನೆ. ಮನೆಯ ಮುಂದೆ ತುಳಸಿಕಟ್ಟೆ ಇದೆ, ಆದರೆ ಈಗ ಬಿಸಿಲಿಲ್ಲ, ಗಿಡ ನಿಲ್ಲುತ್ತಿಲ್ಲ, ಮನಸ್ಸಿಗೆ ಕಸಿವಿಸಿ ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. ತುಳಸಿ ಬಿಸಿಲಿನ ಗಿಡ, ಅದು ಯಾರ ಮೇಲಿನ ಮುನಿಸೂ ಅಲ್ಲ. ಎರಡು ಕುಂಡಗಳಲ್ಲಿ ತುಳಸಿ ಬೆಳೆಸಿ, ಒಂದು ಕಟ್ಟೆಯ ಮೇಲಿದ್ದಾಗ ಇನ್ನೊಂದು ತಾರಸಿಯ ಬಿಸಿಲಿನಲ್ಲಿರಲಿ. ವಾರಕ್ಕೊಮ್ಮೆ ಅದಲು ಬದಲು ಮಾಡಿ.

ಅಡುಗೆಮನೆಗೆ ಒದಗುವ ಗಿಡಗಳ ವಿಚಾರದಲ್ಲಿ ನೆರಳು ಉದಾರಿಯೇ. ದೊಡ್ಡಪತ್ರೆಗೆ ಅರೆನೆರಳು ಸಾಕು, ಒಂದು ಕಡ್ಡಿ ಚುಚ್ಚಿದರೆ ತಂಬುಳಿಗೂ ಬಜ್ಜಿಗೂ ವರ್ಷವೆಲ್ಲ ಎಲೆ. ಒಂದೆಲಗ ತೇವದ ನೆಲದಲ್ಲಿ ತಾನೇ ಹರಡಿಕೊಳ್ಳುತ್ತದೆ. ಆದರೆ ಹಸಿಯಾಗಿ ತಿನ್ನುವ ಸೊಪ್ಪನ್ನು ಬಚ್ಚಲ ನೀರು ಹರಿಯುವ ಕಡೆ ಬೆಳೆಯಬೇಡಿ. ಕೆಸುವಿನ ಎಲೆ ನೆರಳಿನಲ್ಲಿ ಅಗಲವಾಗಿ ಬರುತ್ತದೆ. ಪತ್ರೊಡೆ ಮಾಡುವವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಅರಿಶಿನ, ಶುಂಠಿಗಳೂ ಮರದ ತೆಳು ನೆರಳನ್ನು ತಾಳುತ್ತವೆ. ವೀಳ್ಯದೆಲೆಗೆ ನೆರಳೇ ಪ್ರಾಣ. ನುಗ್ಗೆ ಅಥವಾ ಹಾಲವಾಣದ ಮರಕ್ಕೆ ಹಬ್ಬಿಸಿದರೆ ಶುಭಕಾರ್ಯಕ್ಕೆ ಅಂಗಡಿಗೆ ಹೋಗುವುದು ತಪ್ಪುತ್ತದೆ. ಮನೆಗೋಡೆಗೆ ಮಾತ್ರ ಹತ್ತಿಸಬೇಡಿ, ಬಳ್ಳಿಯ ಬೇರು ಅಂಟಿಕೊಂಡು ಗೋಡೆ ಸದಾ ಒದ್ದೆಯಾಗಿರುತ್ತದೆ. ಏಲಕ್ಕಿಗೆ ಮಲೆನಾಡಿನ ತಂಪು, ತೇವದ ಗಾಳಿ ಬೇಕು. ಬಯಲುಸೀಮೆಯಲ್ಲಿ ಎಲೆಯ ಅಂದಕ್ಕಾಗಿ ಇಟ್ಟುಕೊಳ್ಳಬಹುದು, ಕಾಯಿಯ ಆಸೆ ಬೇಡ.

ಚಕ್ರಮುನಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅರೆನೆರಳಿನಲ್ಲಿ ಇಷ್ಟು ಸುಲಭವಾಗಿ ಬೆಳೆಯುವ, ಇಷ್ಟು ಪೌಷ್ಟಿಕವಾದ ಬಹುವಾರ್ಷಿಕ ಸೊಪ್ಪು ಇನ್ನೊಂದು ಸಿಗುವುದು ಕಷ್ಟ. ಪಲ್ಯಕ್ಕೆ, ಸಾರಿಗೆ ಆಗೊಮ್ಮೆ ಈಗೊಮ್ಮೆ ಬೇಯಿಸಿ ತಿನ್ನುವ ರೂಢಿಯೇ ಸರಿ. ತೈವಾನಿನಲ್ಲಿ 1994-95ರ ಸುಮಾರಿಗೆ ಮೈತೂಕ ಇಳಿಸುವ ಸಲುವಾಗಿ ಇದರ ಹಸಿ ಎಲೆಯ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಗುಣವಾಗದಂಥ ಶ್ವಾಸಕೋಶದ ಕಾಯಿಲೆ ಹತ್ತಿತು. ಯಾರೋ ಹೇಳಿದರೆಂದು ಸೊಪ್ಪನ್ನು ಔಷಧಿಯಾಗಿ ಹಿಂಡಿ ಕುಡಿಯುವ ಚಟ ನಮ್ಮಲ್ಲೂ ಇದೆಯಲ್ಲ, ಅದಕ್ಕಾಗಿ ಹೇಳಿದೆ.

ಬೇಡದ ಗಿಡಗಳೂ ಕೆಲವಿವೆ. ಡೈಫೆನ್‌ಬೇಕಿಯಾ ನೆರಳಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಅದರ ಎಲೆ ಕಾಂಡಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಮಗು ಬಾಯಿಗಿಟ್ಟರೆ ನಾಲಗೆ, ಗಂಟಲು ಊದಿಕೊಳ್ಳುತ್ತದೆ. ಕ್ಯಾಲೇಡಿಯಂ, ಫಿಲೋಡೆಂಡ್ರಾನ್‌ಗಳಲ್ಲೂ ಇದೇ ಗುಣವಿದೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಇವು ಕೈಗೆಟುಕದ ಕಡೆ ಇರಲಿ. ಫುಟ್‌ಬಾಲ್ ಲಿಲ್ಲಿಯ ಗೆಡ್ಡೆಯೂ ವಿಷವೇ. ಹಳದಿ ಹೂವಿನ ವೆಡೀಲಿಯಾವನ್ನು "ನೆಲ ಮುಚ್ಚುತ್ತದೆ, ಆರೈಕೆ ಬೇಡ" ಎಂದು ಮಾರುತ್ತಾರೆ. ನಿಜ, ಮುಚ್ಚುತ್ತದೆ, ನಿಮ್ಮ ಅಂಗಳವನ್ನೂ, ಚರಂಡಿಯನ್ನೂ, ಪಕ್ಕದವರ ಅಂಗಳವನ್ನೂ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಬಂದ ಲಂಟಾನ ಇಂದು ನಮ್ಮ ಕಾಡುಗಳನ್ನು ಏನು ಮಾಡಿದೆ ಎಂಬುದು ಬಂಡೀಪುರದ ದಾರಿಯಲ್ಲಿ ಹೋದವರಿಗೆಲ್ಲ ಗೊತ್ತು. ಮನಿಪ್ಲಾಂಟ್ ಕುಂಡದಲ್ಲಿದ್ದರೆ ಸಾಧು. ಮರ ಹತ್ತಿದರೆ ಎಲೆ ಮೊರದಗಲವಾಗಿ ಕಾಂಡವನ್ನೆಲ್ಲ ಸುತ್ತಿಬಿಡುತ್ತದೆ.

ಗಿಡ ತರುವಾಗಲೂ ಎಚ್ಚರ ಬೇಕು. ನರ್ಸರಿಯವರನ್ನು ಕೇಳಿದರೆ ಎಲ್ಲ ಗಿಡವೂ "ಸೆಮಿ ಶೇಡ್ ಸಾರ್" ಎಂದೇ ಉತ್ತರ. ಅಲ್ಲಿ ಹಸಿರು ಬಲೆಯ ಕೆಳಗೆ ದಿನಕ್ಕೆರಡು ಸಲ ನೀರು, ಗೊಬ್ಬರದ ದ್ರಾವಣ ಉಂಡು ಬೆಳೆದ ಗಿಡ ನಿಮ್ಮ ಮನೆಗೆ ಬಂದು ನಾಲ್ಕೆಲೆ ಉದುರಿಸಿದರೆ ಗಾಬರಿ ಬೇಡ. ಹದಿನೈದು ದಿನ ಕುಂಡದಲ್ಲೇ ಇಟ್ಟು, ಆಮೇಲೆ ನೆಲಕ್ಕಿಳಿಸಿ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಕೇಳಿ ನೋಡಿ. ಅದಕ್ಕೂ ಮೊದಲು ನೆಂಟರ ಹಿತ್ತಿಲಲ್ಲಿ ಕೇಳಿ. ಬಹುವಾರ್ಷಿಕ ಗಿಡಗಳಲ್ಲಿ ಬಹುಪಾಲು ಬುಡ ಸೀಳಿ ಕೊಡಬಹುದಾದವು.

ನೆಡುವ ಕಾಲ ಜೂನ್, ಜುಲೈ. ಮರದಡಿಯಾದರೆ ಉದ್ದಕ್ಕೆ ಅಗೆಯಬೇಡಿ, ಬೇರು ಕತ್ತರಿಸಿ ಹೋಗುತ್ತವೆ. ದಪ್ಪ ಬೇರುಗಳ ನಡುವೆ ಸಿಗುವ ಸಂದುಗಳಲ್ಲಿ ಒಂದು ತಂಬಿಗೆಯಷ್ಟು ಗುಳಿ ತೋಡಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಎಲೆಗೊಬ್ಬರ ಬೆರೆಸಿ ತುಂಬಿ, ಚಿಕ್ಕ ಗಿಡವನ್ನೇ ನೆಡಿ. ಮರದ ಬುಡಕ್ಕೆ ಮಣ್ಣು ಏರಿಸಿ ಪಾತಿ ಕಟ್ಟುವುದು ಬಹಳ ಕಡೆ ಕಾಣುವ ತಪ್ಪು. ಕಾಂಡಕ್ಕೆ ಮಣ್ಣು ತಾಗಿ ತೊಗಟೆ ಕೊಳೆಯುತ್ತದೆ, ಮರಕ್ಕೇ ಕುತ್ತು. ಕಾಂಡದಿಂದ ಎರಡು ಮೂರು ಅಡಿ ಬಿಟ್ಟೇ ಕೆಲಸ ಮಾಡಿ. ಕರಾವಳಿಯವರು ಇದಕ್ಕೆ ವಿರುದ್ಧವಾದ ಚಿಂತೆ ಮಾಡಬೇಕು. ಬೆಂಗಳೂರಿಗೆ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಮಂಗಳೂರಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು. ಅಲ್ಲಿ ಮರದಿಂದ ದೂರದ ನೆರಳಿನಲ್ಲಿ ಏರುಮಡಿ ಮಾಡಿ, ನೀರು ಬಸಿಯುವಂತೆ ನೆಡಬೇಕು.

ಉದುರಿದ ಎಲೆಗಳನ್ನು ಗುಡಿಸಿ ಸುಡಬೇಡಿ. ಅವನ್ನೇ ಗಿಡಗಳ ನಡುವೆ ಮೂರು ನಾಲ್ಕು ಅಂಗುಲ ಹೊದಿಸಿ. ಹೊಂಗೆಯ ಎಲೆ ಬೇಗ ಕರಗುತ್ತದೆ, ಮಾವಿನೆಲೆ ತಡ. ಮೊದಲ ಎರಡು ಬೇಸಿಗೆ ಒಣ ನೆರಳಿನ ಗಿಡಕ್ಕೆ ವಾರಕ್ಕೆರಡು ಸಲ ಬುಡ ತೋಯುವಂತೆ ನೀರು ಕೊಡಿ. ಗೋಡೆ ನೆರಳಿನ ಗಿಡಕ್ಕಾದರೆ ಬೆರಳನ್ನು ಒಂದು ಅಂಗುಲ ಮಣ್ಣಿಗೆ ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. ನೆರಳಿನಲ್ಲಿ ಗಿಡ ಸಾಯುವುದು ಕೊಡ ಹಿಡಿದ ಕೈಯ ಧಾರಾಳದಿಂದಲೇ ಹೆಚ್ಚು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಡೆಂಗಿಯ ಸೊಳ್ಳೆಗೆ ಅಷ್ಟು ಸಾಕು.

ಮಳೆಗಾಲದಲ್ಲಿ ಬಸವನಹುಳುವಿನ ಕಾಟ ಇದ್ದದ್ದೇ. ಆಫ್ರಿಕಾದ ದೊಡ್ಡ ಬಸವನಹುಳು ಒಂದು ರಾತ್ರಿಯಲ್ಲಿ ಎಳೆಯ ಮಡಿಯನ್ನೇ ಬೋಳಿಸುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆಗಳನ್ನು ಹರಡಿಟ್ಟರೆ ಬೆಳಗಿನ ಹೊತ್ತಿಗೆ ಅಲ್ಲಿ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟದೆ ಆರಿಸಿ ಉಪ್ಪುನೀರಿಗೆ ಹಾಕಿ. ಆ ಉಪ್ಪುನೀರನ್ನು ಮತ್ತೆ ಮಡಿಗೆ ಚೆಲ್ಲಬೇಡಿ.

ಮೊದಲ ವರ್ಷ ಗಿಡಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ಮಣ್ಣಿನ ಕೆಳಗೆ ಕೆಲಸ ನಡೆದಿರುತ್ತದೆ. ಎರಡನೆಯ ಮಳೆಗಾಲದಲ್ಲಿ ಒಂದು ನಾಲ್ಕಾಗುತ್ತದೆ. ಮೂರನೆಯ ಜೂನ್‌ನಲ್ಲಿ ಸುರುಳಿ ಸುಗಂಧಿ, ಜರಿಗಿಡ, ಕ್ಲೋರೋಫೈಟಂಗಳ ಬುಡವನ್ನು ಸೀಳಿ ತೆಳುಮಾಡಲೇಬೇಕು, ಇಲ್ಲವಾದರೆ ನಡು ಟೊಳ್ಳಾಗುತ್ತದೆ. ಹಾಗೆ ತೆಗೆದ ಬುಡಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ಬಾಡದೆ ಇರುತ್ತವೆ. ಆ ಮೂರಂತಸ್ತಿನ ಪಕ್ಕದ ಮನೆಯವರ ಅಂಗಳಕ್ಕೂ ಈ ಹೊತ್ತಿಗೆ ನೆರಳು ಬಂದಿರುತ್ತದೆ; ಬೇಕೇ ಎಂದು ಅವರನ್ನೂ ಒಮ್ಮೆ ಕೇಳಿ.